ಹೋಮ್ ಥಿಯೇಟರ್ ಗುಂಯ್‌ಗುಡುವುದೇಕೆ? ದೋಷ ಹುಡುಕುವ ಬಗೆ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿ ದಾಟಿ ಧಾರವಾಡದ ಕಡೆ ಹೊರಟರೆ ಮಲಪ್ರಭೆಯ ದಂಡೆಗೆ ಎಂ.ಕೆ. ಹುಬ್ಬಳ್ಳಿ ಸಿಗುತ್ತದೆ. ಸಕ್ಕರೆ ಕಾರ್ಖಾನೆ, ಕಬ್ಬಿನ ಹೊಲ, ಪಂಪ್‌ಸೆಟ್ಟುಗಳ ಊರು. ಇಂಥ ಊರುಗಳ ಮನೆಗಳಿಗೂ ಈಗ ಹೋಮ್ ಥಿಯೇಟರ್ ಬಂದಿದೆ. ಪಡಸಾಲೆಯ ಗೋಡೆಗೆ ದೊಡ್ಡ ಟಿವಿ, ಅದರ ಕೆಳಗೆ ರಿಸೀವರ್, ಮೂಲೆಯಲ್ಲಿ ಸಬ್‌ವೂಫರ್, ಸುತ್ತ ಐದು ಸ್ಪೀಕರ್. ಸಿನಿಮಾದಲ್ಲಿ ಹೊಡೆದಾಟ ನಡೆದಾಗ ಎಲ್ಲ ಚೆನ್ನಾಗಿಯೇ ಇರುತ್ತದೆ. ಮಾತು ಮೆತ್ತಗಾದಾಗ, ಹಾಡು ನಿಂತಾಗ, ಹಿಂದಿನಿಂದ ಒಂದು ಗುಂಯ್ ಸಪ್ಪಳ ಎದ್ದು ಕೇಳಿಸುತ್ತದೆ. ಕೆಲವು ಮನೆಗಳಲ್ಲಿ ಅದು ಕರಕರ ಅನ್ನುತ್ತದೆ, ಕೆಲವು ಕಡೆ ಸುಸ್ ಎಂದು ಹರಿಯುತ್ತಲೇ ಇರುತ್ತದೆ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. ರಿಸೀವರ್ ಬದಲಿಸಿ, ಇಲ್ಲವೇ ದುಬಾರಿ ಕೇಬಲ್ ಹಾಕಿ. ಎರಡಕ್ಕೂ ಸಾವಿರಾರು ರೂಪಾಯಿ ಬೇಕು. ಆದರೆ ಬಹಳ ಸಲ ರಿಸೀವರ್ ನಿರ್ದೋಷಿ. ಸಪ್ಪಳ ಹುಟ್ಟುವುದು ಮನೆಯ ವೈರಿಂಗ್‌ನಲ್ಲಿ, ಅರ್ಥಿಂಗ್‌ನಲ್ಲಿ, ಹೊರಗಿನಿಂದ ಒಳಗೆ ಬರುವ ಟಿವಿ ವೈರಿನಲ್ಲಿ. ರಿಸೀವರ್ ಅದನ್ನು ದೊಡ್ಡದು ಮಾಡಿ ಕೇಳಿಸುತ್ತದೆ, ಅಷ್ಟೆ. ಮೂಲ ಹುಡುಕದೆ ಸಾಮಾನು ಬದಲಿಸಿದರೆ ಹೊಸ ರಿಸೀವರೂ ಅದೇ ರಾಗ ಹಾಡುತ್ತದೆ.

ಮೊದಲು ಸಪ್ಪಳವನ್ನು ಗುರುತಿಸಿ

ಎಲ್ಲ ಸಪ್ಪಳವೂ ಒಂದೇ ಜಾತಿಯದಲ್ಲ. ಕಿವಿಗೊಟ್ಟು ಕೇಳಿದರೆ ಅದು ಎಲ್ಲಿಂದ ಬರುತ್ತಿದೆ ಎಂಬುದರ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ದಪ್ಪನೆಯ, ಒಂದೇ ಸಮನೆ ಬರುವ ಗುಂಯ್ ಕರೆಂಟಿನ ಸಪ್ಪಳ. ಅರ್ಥಿಂಗ್, ಟಿವಿ ವೈರು, ಸಬ್‌ವೂಫರ್ ಕೇಬಲ್ ಇವುಗಳ ಕಡೆ ಬೆರಳು ತೋರಿಸುತ್ತದೆ.

ಗುಂಯ್ ಜೊತೆಗೆ ಝರ್ರ್ ಎಂಬ ಚೂಪು ಸೇರಿದ್ದರೆ ಫ್ಯಾನಿನ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರ್ ಇವುಗಳ ಮೇಲೆ ಅನುಮಾನ ಪಡಬೇಕು.

ಸುಸ್ ಎಂದು ಗಾಳಿ ಬೀಸಿದಂತೆ ಕೇಳಿಸುವುದು ಎಲೆಕ್ಟ್ರಾನಿಕ್ ಬಿಡಿಭಾಗಗಳಲ್ಲೇ ಹುಟ್ಟುವ ಸಪ್ಪಳ.

ಟಿಕ್, ಟಪ್, ಕರಕರ ಎಂದು ಬಿಟ್ಟು ಬಿಟ್ಟು ಬಂದರೆ ಸ್ವಿಚ್ಚು, ಫ್ರಿಜ್, ಮೊಬೈಲ್ ಅಥವಾ ಸಡಿಲವಾದ ಜೋಡಣೆ ಕಾರಣ.

ಸಪ್ಪಳ ಸ್ಪೀಕರಿನಿಂದ ಬರದೆ ರಿಸೀವರ್ ಪೆಟ್ಟಿಗೆಯಿಂದಲೇ ಬರುವುದೂ ಉಂಟು. ಅದು ಒಳಗಿನ ಟ್ರಾನ್ಸ್‌ಫಾರ್ಮರ್ ಇಲ್ಲವೇ ತಂಪು ಮಾಡುವ ಫ್ಯಾನ್. ಸ್ಪೀಕರಿಗೆ ಒಮ್ಮೆ, ಪೆಟ್ಟಿಗೆಗೆ ಒಮ್ಮೆ ಕಿವಿ ಹಚ್ಚಿ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಹಳೆಯ ಕಪ್ಪು-ಬಿಳುಪು ಚಿತ್ರ ನೋಡುವಾಗ ಕೇಳಿಸುವ ಕರಕರ, ಸುಸ್ ಆ ಚಿತ್ರದ ಧ್ವನಿಪಟ್ಟಿಯಲ್ಲೇ ಇರುತ್ತದೆ. ಆ ಕಾಲದಲ್ಲಿ ಧ್ವನಿಯನ್ನು ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಮೂಡಿಸುತ್ತಿದ್ದರು. ಫಿಲ್ಮಿನ ಮೇಲೆ ಕೂತ ಧೂಳು, ಬಿದ್ದ ಗೀರು ಎಲ್ಲವೂ ಧ್ವನಿಯಾಗಿ ಕೇಳಿಸುತ್ತದೆ. ಚಿತ್ರವನ್ನು ಪಾಜ್ ಮಾಡಿ ನೋಡಿ. ಸಪ್ಪಳ ನಿಂತರೆ ನಿಮ್ಮ ಸಲಕರಣೆ ಸರಿಯಾಗಿದೆ. ರಿಸೀವರಿನಲ್ಲಿ ‘ನೈಟ್ ಮೋಡ್’ ಹಾಕಿದ್ದರೆ ಅದನ್ನು ತೆಗೆಯಿರಿ. ಅದು ಮೆತ್ತಗಿನ ಧ್ವನಿಯನ್ನು ಏರಿಸುವುದರಿಂದ ಹಿನ್ನೆಲೆಯ ಸಪ್ಪಳವನ್ನೂ ಎಬ್ಬಿಸುತ್ತದೆ.

ಗುಂಯ್ ಬರುವುದು ಎಲ್ಲಿಂದ?

ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟಿನದು. ಅದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. 50 ಹರ್ಟ್ಸ್ ಎಂದರೆ ಇದೇ. ಈ ಅಲೆ ಧ್ವನಿಯ ದಾರಿಗೆ ಸ್ವಲ್ಪ ನುಸುಳಿದರೂ ಸ್ಪೀಕರ್ ಸೆಕೆಂಡಿಗೆ 50 ಸಲ ಅಲುಗುತ್ತದೆ. ರಿಸೀವರಿನ ಒಳಗೆ ಈ ಕರೆಂಟನ್ನು ಒಂದೇ ದಿಕ್ಕಿಗೆ ಹರಿಯುವ ಡಿಸಿ ಮಾಡುವಾಗ ಅಲೆಯ ಎರಡೂ ಅರ್ಧಗಳನ್ನು ಬಳಸುತ್ತಾರೆ. ಆದ್ದರಿಂದ ಅಲ್ಲಿ ಉಳಿಯುವ ಏರಿಳಿತ 100 ಹರ್ಟ್ಸ್‌ನದು. ನಮಗೆ ಕೇಳಿಸುವ ಗುಂಯ್ ಈ 50, 100 ಮತ್ತು ಅವುಗಳ ಮೇಲಿನ 150, 200, 250 ಹರ್ಟ್ಸ್‌ಗಳ ಬೆರಕೆ.

ಈ ಸಪ್ಪಳ ಸಬ್‌ವೂಫರಿನಲ್ಲೇ ಹೆಚ್ಚು ಕೇಳಿಸುವುದಕ್ಕೆ ಕಾರಣವಿದೆ. 5.1 ಎಂಬುದರಲ್ಲಿ ಕೊನೆಯ ‘.1’ ಎಂದರೆ ಸುಮಾರು 120 ಹರ್ಟ್ಸ್‌ವರೆಗಿನ ದಪ್ಪ ಧ್ವನಿಗೆಂದೇ ಮೀಸಲಾದ ದಾರಿ. ಕರೆಂಟಿನ 50 ಮತ್ತು 100 ಹರ್ಟ್ಸ್ ಎರಡೂ ಅದರ ಹದ್ದಿನಲ್ಲೇ ಬರುತ್ತವೆ. ಗೋಡೆಯ ಮೇಲಿನ ಸಣ್ಣ ಸ್ಪೀಕರಿಗೆ 50 ಹರ್ಟ್ಸ್ ಸರಿಯಾಗಿ ನುಡಿಸಲು ಬಾರದು. ವೂಫರಿಗೆ ಅದೇ ಕಸುಬು. ಜೊತೆಗೆ ಸಬ್‌ವೂಫರಿನಲ್ಲಿ ಅದರದೇ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ ಬೇರೆ ಪ್ಲಗ್ಗು ಇರುತ್ತದೆ. ಒಂದೇ ಧ್ವನಿಯ ದಾರಿಗೆ ಎರಡು ಕಡೆ ಕರೆಂಟು ಸೇರಿದಾಗ ಮುಂದಿನ ತೊಂದರೆಗೆ ಬಾಗಿಲು ತೆರೆಯುತ್ತದೆ.

ಎರಡು ಅರ್ಥಿಂಗ್‌ಗಳ ನಡುವಿನ ಸುತ್ತು

ಹೋಮ್ ಥಿಯೇಟರ್ ಗುಂಯ್‌ಗುಡಲು ಅತಿ ಸಾಮಾನ್ಯ ಕಾರಣಕ್ಕೆ ‘ಗ್ರೌಂಡ್ ಲೂಪ್’ ಎಂದು ಹೆಸರು. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಸಬ್‌ವೂಫರಿನದೋ ರಿಸೀವರಿನದೋ ಲೋಹದ ಮೈ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಮನೆಯ ಅರ್ಥಿಂಗ್‌ಗೆ ಸೇರಿರುತ್ತದೆ. ಸೆಟ್ ಟಾಪ್ ಬಾಕ್ಸಿಗೆ ಕೇಬಲ್ ಟಿವಿಯ ದುಂಡನೆಯ ವೈರು ಬರುತ್ತದೆ. ಆ ವೈರಿನ ಹೊರಗಿನ ಜಾಳಿಗೆ ರಸ್ತೆಯ ಕಂಬದ ಮೇಲಿರುವ ಕೇಬಲ್ ಆಂಪ್ಲಿಫೈಯರಿನ ಮೈಗೆ ಸೇರಿರುತ್ತದೆ. ಅಲ್ಲಿ ಅದಕ್ಕೆ ಬೇರೆಯೇ ಅರ್ಥಿಂಗ್. ನೆಲ ಎಲ್ಲ ಕಡೆ ಒಂದೇ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಎರಡು ಅರ್ಥಿಂಗ್ ಬಿಂದುಗಳ ನಡುವೆ ಸಾಮಾನ್ಯವಾಗಿ ಒಂದಿಷ್ಟು ವೋಲ್ಟೇಜು ಇದ್ದೇ ಇರುತ್ತದೆ. ಮಟ್ಟ ಬೇರೆ ಇರುವ ಎರಡು ಗದ್ದೆಗಳ ನಡುವೆ ಕಾಲುವೆ ತೋಡಿದರೆ ನೀರು ಹರಿಯುವ ಹಾಗೆ, ಟಿವಿ ವೈರು, ಎಚ್‌ಡಿಎಂಐ ಕೇಬಲ್, ರಿಸೀವರ್, ಸಬ್‌ವೂಫರ್ ಕೇಬಲ್ ಎಲ್ಲದರ ಜಾಳಿಗೆಯ ಮೂಲಕ 50 ಹರ್ಟ್ಸ್ ಕರೆಂಟು ಹರಿಯತೊಡಗುತ್ತದೆ.

ಎಷ್ಟು ಕರೆಂಟು ಸಾಕು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಕೇಬಲಿನ ಜಾಳಿಗೆಯ ರೋಧ ಬರೀ 0.1 ಓಮ್ ಇದೆ ಎನ್ನಿ. ಅದರಲ್ಲಿ 10 ಮಿಲಿಆಂಪಿಯರ್ ಹರಿದರೆ 1 ಮಿಲಿವೋಲ್ಟ್ ಹುಟ್ಟುತ್ತದೆ. ಡಿಸ್ಕ್ ಪ್ಲೇಯರ್ ಪೂರ್ಣ ಜೋರಿನಲ್ಲಿ ಕೊಡುವ ಧ್ವನಿ ಸುಮಾರು 2 ವೋಲ್ಟು. ಅಂದರೆ ಗುಂಯ್ ಸಪ್ಪಳ ಧ್ವನಿಯ ಎರಡು ಸಾವಿರದಲ್ಲಿ ಒಂದು ಪಾಲು, 66 ಡೆಸಿಬೆಲ್ ಕೆಳಗೆ. ಕೇಳಲು ಸಣ್ಣದು. ಆದರೆ ಸಲಕರಣೆಯ ವಿವರ ಪುಟದಲ್ಲಿ ಸಪ್ಪಳ ಧ್ವನಿಗಿಂತ 90, 100 ಡೆಸಿಬೆಲ್ ಕೆಳಗೆ ಎಂದು ಬರೆದಿರುತ್ತದೆ. ಒಂದು ವೈರಿನ ತಪ್ಪಿನಿಂದ ಆ ಗುಣವೆಲ್ಲ ಮಣ್ಣುಪಾಲು. ಮೆತ್ತಗಿನ ದೃಶ್ಯದಲ್ಲಿ ಧ್ವನಿಯೇ ಕೆಲವು ಮಿಲಿವೋಲ್ಟಿಗೆ ಇಳಿದಾಗ ಈ ಒಂದು ಮಿಲಿವೋಲ್ಟ್ ಗುಂಯ್ ಎದ್ದು ಕೇಳಿಸುತ್ತದೆ.

ಹುಡುಕುವ ಕ್ರಮ

ಈ ಕೆಲಸಕ್ಕೆ ಯಾವ ಉಪಕರಣವೂ ಬೇಡ. ತಾಳ್ಮೆ ಮತ್ತು ಕ್ರಮ ಬೇಕು. ವೈರು ಕೀಳುವ, ಹಾಕುವ ಪ್ರತಿ ಸಲವೂ ರಿಸೀವರ್ ಮತ್ತು ಸಬ್‌ವೂಫರ್ ಎರಡನ್ನೂ ಸ್ವಿಚ್ಚಿನಲ್ಲೇ ಬಂದ್ ಮಾಡಿ. ಚಾಲೂ ಇದ್ದಾಗ ಧ್ವನಿ ಒಯ್ಯುವ ಆರ್‌ಸಿಎ ಕೇಬಲ್ ಕಿತ್ತರೆ ಬರುವ ಜೋರು ಸಪ್ಪಳಕ್ಕೆ ಸ್ಪೀಕರ್ ಸುಟ್ಟುಹೋಗಬಹುದು.

1. ಗುಂಯ್ ಬರುತ್ತಿರುವಾಗ ವಾಲ್ಯೂಮ್ ಏರಿಸಿ, ಇಳಿಸಿ. ಅದರ ಜೊತೆ ಸಪ್ಪಳವೂ ಏರಿಳಿದರೆ ದೋಷ ವಾಲ್ಯೂಮಿಗಿಂತ ಮೊದಲು, ಅಂದರೆ ಸೆಟ್ ಟಾಪ್ ಬಾಕ್ಸ್, ಪ್ಲೇಯರ್, ಟಿವಿ ಅಥವಾ ಅವುಗಳ ಕೇಬಲಿನಲ್ಲಿದೆ. ವಾಲ್ಯೂಮ್ ಎಷ್ಟೇ ಇದ್ದರೂ ಸಪ್ಪಳ ಒಂದೇ ಸಮ ಇದ್ದರೆ ದೋಷ ಅದರ ನಂತರ, ಅಂದರೆ ರಿಸೀವರಿನ ಆಂಪ್ಲಿಫೈಯರ್, ಸಬ್‌ವೂಫರ್ ಅಥವಾ ಅದರ ಕೇಬಲಿನಲ್ಲಿದೆ.

2. ಸೋರ್ಸ್ ಬದಲಿಸಿ ನೋಡಿ. ಒಂದೇ ಇನ್‌ಪುಟ್ಟಿನಲ್ಲಿ ಗುಂಯ್ ಬಂದು ಉಳಿದವುಗಳಲ್ಲಿ ಬಾರದಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು.

3. ಸೆಟ್ ಟಾಪ್ ಬಾಕ್ಸಿನ ಹಿಂದಿನ ಕೇಬಲ್ ಟಿವಿ ಅಥವಾ ಡಿಶ್ ವೈರನ್ನು ಬಿಚ್ಚಿ. ಅನುಮಾನದ ಪಟ್ಟಿಯಲ್ಲಿ ಮೊದಲ ಹೆಸರು ಇದರದೇ. ಬಿಚ್ಚಿದೊಡನೆ ಗುಂಯ್ ನಿಂತರೆ ಗ್ರೌಂಡ್ ಲೂಪ್ ಸಿಕ್ಕಿಬಿದ್ದಂತೆ.

4. ಆಗಲೂ ನಿಲ್ಲದಿದ್ದರೆ ರಿಸೀವರಿಗೆ ಸ್ಪೀಕರ್ ವೈರು ಬಿಟ್ಟು ಉಳಿದದ್ದನ್ನೆಲ್ಲ ಕೀಳಿ. ಎಚ್‌ಡಿಎಂಐ, ಆರ್‌ಸಿಎ, ಲ್ಯಾನ್, ರೇಡಿಯೋ ಆಂಟೆನಾ ಯಾವುದೂ ಇರಬಾರದು. ಈಗ ಸಪ್ಪಳ ಇಲ್ಲವಾದರೆ ರಿಸೀವರ್ ಸರಿಯಿದೆ. ಒಂದೊಂದೇ ವೈರು ಹಾಕುತ್ತ ಬನ್ನಿ. ಯಾವುದನ್ನು ಹಾಕಿದಾಗ ಗುಂಯ್ ಮರಳಿ ಬಂತೋ ಅದೇ ಅಪರಾಧಿ.

5. ಸಬ್‌ವೂಫರಿನ ಪರೀಕ್ಷೆ ಬೇರೆ. ಅದರ ಧ್ವನಿ ಕೇಬಲನ್ನು ಪೂರ್ತಿ ತೆಗೆದು, ಕರೆಂಟು ಮಾತ್ರ ಕೊಟ್ಟು ಕೇಳಿ. ಆಗಲೂ ಗುಂಯ್ ಬಂದರೆ ಸಬ್‌ವೂಫರಿನ ಒಳಗೇ ದೋಷ. ಸುಮ್ಮನಿದ್ದರೆ ಕೇಬಲ್ ಅಥವಾ ಲೂಪ್. ಕೇಬಲಿನ ಒಂದು ತುದಿ ಹಾಕಿ ಇನ್ನೊಂದನ್ನು ಗಾಳಿಯಲ್ಲಿ ಬಿಟ್ಟರೆ ಗುಂಯ್ ಬರುವುದು ಸಹಜ, ಅದನ್ನು ದೋಷ ಎಂದು ಎಣಿಸಬಾರದು.

6. ಕೊನೆಗೆ ಮನೆಯ ಸರದಿ. ರಿಸೀವರ್ ಚಾಲೂ ಇಟ್ಟು, ಒಬ್ಬರು ಸ್ಪೀಕರ್ ಹತ್ತಿರ ನಿಂತು, ಇನ್ನೊಬ್ಬರು ಫ್ಯಾನು, ಬಲ್ಬು, ಫ್ರಿಜ್, ಇನ್ವರ್ಟರ್ ಚಾರ್ಜಿಂಗ್ ಒಂದೊಂದಾಗಿ ಬಂದ್ ಮಾಡುತ್ತ ಹೋಗಲಿ.

ಸಿಕ್ಕಮೇಲೆ ಏನು ಮಾಡಬೇಕು?

ಮೊದಲ ಮದ್ದಿಗೆ ಹೆಚ್ಚು ಖರ್ಚಿಲ್ಲ. ಟಿವಿ, ಸೆಟ್ ಟಾಪ್ ಬಾಕ್ಸ್, ರಿಸೀವರ್, ಸಬ್‌ವೂಫರ್ ಎಲ್ಲದಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಅರ್ಥಿಂಗ್ ಇರುವ ಒಂದು ಒಳ್ಳೆಯ ಸ್ಪೈಕ್ ಬಸ್ಟರ್ ಸಾಕು. ಸಬ್‌ವೂಫರ್ ಮೂಲೆಯಲ್ಲಿದೆ ಎಂದು ಅಲ್ಲಿನ ಬೇರೆ ಬೋರ್ಡಿಗೆ ಹಚ್ಚಿದ್ದರೆ ಎರಡು ಬೋರ್ಡುಗಳ ನಡುವಿನ ಉದ್ದ ಅರ್ಥಿಂಗ್ ವೈರೇ ಲೂಪಿನ ಭಾಗವಾಗುತ್ತದೆ.

ಕೇಬಲ್ ಟಿವಿ ವೈರು ತಪ್ಪಿತಸ್ಥ ಎಂದಾದರೆ ಆ ವೈರಿಗೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಸಣ್ಣ ಜೋಡಣೆ ಸಿಗುತ್ತದೆ. ಅದು ಟಿವಿ ಸಂಕೇತವನ್ನು ಬಿಟ್ಟು 50 ಹರ್ಟ್ಸ್ ಕರೆಂಟನ್ನು ತಡೆಯುತ್ತದೆ. ಡಿಶ್ ಇದ್ದವರು ಇಲ್ಲಿ ಎಚ್ಚರ ವಹಿಸಬೇಕು. ಡಿಶ್‌ನ ಮುಂದೆ ಸಂಕೇತ ಹಿಡಿಯುವ ಎಲ್‌ಎನ್‌ಬಿಗೆ ಬೇಕಾದ 13 ಇಲ್ಲವೇ 18 ವೋಲ್ಟ್ ಡಿಸಿ ಅದೇ ವೈರಿನಲ್ಲಿ ಮೇಲೆ ಹೋಗುತ್ತದೆ. ಐಸೊಲೇಟರ್ ಹಾಕಿದರೆ ಆ ಕರೆಂಟೂ ನಿಂತು ಚಿತ್ರವೇ ಬಾರದು. ಡಿಶ್ ಇದ್ದ ಮನೆಯಲ್ಲಿ ಸೆಟ್ ಟಾಪ್ ಬಾಕ್ಸಿನಿಂದ ಅಥವಾ ಟಿವಿಯಿಂದ ರಿಸೀವರಿಗೆ ಆಪ್ಟಿಕಲ್ ಕೇಬಲ್ ಹಾಕುವುದು ಒಳ್ಳೆಯದು. ಅದರಲ್ಲಿ ಧ್ವನಿ ಬೆಳಕಾಗಿ ಹೋಗುತ್ತದೆ, ತಾಮ್ರದ ಸಂಬಂಧವೇ ಇಲ್ಲ. ಲೂಪ್ ಅಲ್ಲಿಗೇ ಕಡಿಯುತ್ತದೆ. ಟಿವಿ ಚಾನೆಲ್ಲುಗಳ 5.1 ಧ್ವನಿಗೆ ಅದು ಸಾಕು. ಆದರೆ ಅದೇ ಪೆಟ್ಟಿಗೆಯಿಂದ ರಿಸೀವರಿಗೆ ಎಚ್‌ಡಿಎಂಐ ಕೇಬಲ್ಲೂ ಉಳಿದಿದ್ದರೆ ಪ್ರಯೋಜನವಿಲ್ಲ. ಅದರಲ್ಲೂ ಜಾಳಿಗೆ ಇದೆ.

ಸಬ್‌ವೂಫರಿಗೆ ಒಳ್ಳೆಯ ಜಾಳಿಗೆಯ ಕೇಬಲ್ ಬೇಕು, ದುಬಾರಿಯದೇ ಆಗಬೇಕಿಲ್ಲ. ಅದನ್ನು ಕರೆಂಟು ವೈರಿನ ಜೊತೆ ಕಟ್ಟಿ ಒಂದೇ ಪಟ್ಟಿಯಲ್ಲಿ ಓಡಿಸಬೇಡಿ. ಎರಡರ ನಡುವೆ ಒಂದು ಅಡಿಯಾದರೂ ಅಂತರವಿರಲಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ. ಮಿಕ್ಕ ಕೇಬಲನ್ನು ಸುರುಳಿ ಸುತ್ತಿ ಸ್ಟೆಬಿಲೈಸರ್ ಮೇಲೆ ಇಡುವ ರೂಢಿ ಬಿಡಬೇಕು. ಸ್ಟೆಬಿಲೈಸರಿನ ಟ್ರಾನ್ಸ್‌ಫಾರ್ಮರ್ ಸುತ್ತಲಿನ ಕಾಂತಕ್ಷೇತ್ರವನ್ನು ಆ ಸುರುಳಿ ಹಿಡಿದುಕೊಳ್ಳುತ್ತದೆ.

ಎರೆಮಣ್ಣು, ಬೇಸಗೆ ಮತ್ತು ಅರ್ಥಿಂಗ್

ನಮ್ಮ ಭಾಗದಲ್ಲಿ ಈ ತೊಂದರೆಗೆ ಮಣ್ಣಿನ ಸಂಬಂಧವೂ ಇದೆ. ಬೈಲಹೊಂಗಲ, ಸವದತ್ತಿ ಕಡೆ ಎರೆಮಣ್ಣು ಹೆಚ್ಚು. ಮಳೆಗಾಲದಲ್ಲಿ ಅದು ನೀರು ಹಿಡಿದುಕೊಂಡು ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಗೆಯಲ್ಲಿ ಅದೇ ಮಣ್ಣು ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಅರ್ಥಿಂಗ್ ಪೈಪಿನ ಸುತ್ತ ಮಣ್ಣು ಸರಿದು ಸಂಪರ್ಕ ಕೆಡುತ್ತದೆ. ರಾಮದುರ್ಗದ ಕಡೆಯ ಕಲ್ಲು ನೆಲದಲ್ಲಿ ತೇವ ನಿಲ್ಲುವುದೇ ಕಷ್ಟ. ಬೇಸಗೆಯಲ್ಲಿ ಬರುವ ಗುಂಯ್ ಮೊದಲ ದೊಡ್ಡ ಮಳೆಗೆ ತಾನಾಗಿ ಕಡಿಮೆಯಾದರೆ ದೋಷ ನೆಲದೊಳಗಿದೆ ಎಂದು ತಿಳಿಯಬೇಕು.

ಅರ್ಥಿಂಗ್ ಹೇಗಿರಬೇಕು ಎಂಬುದಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 3043 ಎಂಬ ನಿಯಮಾವಳಿ ಇದೆ. ರೂಢಿಯ ವಿಧಾನ ಇದು: ಸುಮಾರು ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಹುಗಿದು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ಮೇಲೆ ನೀರು ಹಾಕಲು ಸಣ್ಣ ತೊಟ್ಟಿ ಕಟ್ಟುತ್ತಾರೆ. ಉಪ್ಪು ವರ್ಷಗಳು ಕಳೆದಂತೆ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಹತ್ತು-ಹದಿನೈದು ವರ್ಷದ ಹಿಂದೆ ಹಾಕಿಸಿ ಮರೆತ ಅರ್ಥಿಂಗ್ ಇಂದು ಹೆಸರಿಗಷ್ಟೇ ಇರಬಹುದು. ಬೇಸಗೆಯಲ್ಲಿ ಆ ತೊಟ್ಟಿಗೆ ಆಗಾಗ ನೀರು ಹಾಕುವುದು ಹಳೆಯ, ಸರಿಯಾದ ಪದ್ಧತಿ. ಹೊಸದಾಗಿ ಹಾಕಿಸುವವರು ಉಪ್ಪಿನ ಬದಲು ತೇವ ಹಿಡಿದಿಡುವ ಬೆಂಟೊನೈಟ್ ಮಣ್ಣು ಬಳಸಬಹುದು. ಅದು ಪೈಪನ್ನು ತಿನ್ನುವುದಿಲ್ಲ.

ಹಳೆಯ ಮನೆಗಳಲ್ಲಿ ಇನ್ನೊಂದು ಕೊರತೆ ಕಾಣುತ್ತದೆ. ಬೋರ್ಡಿನಲ್ಲಿ ಮೂರು ತೂತು ಇರುತ್ತವೆ, ಮೇಲಿನ ದಪ್ಪ ತೂತಿನ ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ಅಳೆದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230, ಫೇಸ್ ಮತ್ತು ಅರ್ಥಿಂಗ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಕೊನೆಯ ಅಂಕಿ ಹೆಚ್ಚಾಗಿದ್ದರೆ ನ್ಯೂಟ್ರಲ್ ಸಡಿಲವಾಗಿರಬಹುದು ಅಥವಾ ಅರ್ಥಿಂಗ್ ಸತ್ತಿರಬಹುದು. ಬಲ್ಬುಗಳು ಒಮ್ಮೆ ಮಂಕಾಗಿ ಒಮ್ಮೆ ಉಜ್ವಲವಾಗುತ್ತಿದ್ದರೆ ಅದು ಸಡಿಲ ನ್ಯೂಟ್ರಲಿನ ಲಕ್ಷಣ. ಟಿವಿ, ಫ್ರಿಜ್ ಸುಡುವ ಅಪಾಯ ಅದು. ಕೂಡಲೇ ಮೇನ್ ಸ್ವಿಚ್ ಬಂದ್ ಮಾಡಿ ಹೆಸ್ಕಾಂನ 1912ಕ್ಕೆ ಕರೆ ಮಾಡಬೇಕು.

ಸಂಗೀತಪ್ರಿಯರಲ್ಲಿ ಕೆಲವರು ರಿಸೀವರಿಗೆಂದೇ ಅಂಗಳದಲ್ಲಿ ಬೇರೆ ಗೂಟ ಹುಗಿದು ಅರ್ಥಿಂಗ್ ಕೊಡುತ್ತಾರೆ. ಇದು ತಪ್ಪು. ಮನೆಯ ಅರ್ಥಿಂಗ್‌ಗೆ ಸೇರದ ಎರಡನೇ ಗೂಟ ಎಂದರೆ ಮಟ್ಟ ಬೇರೆಯಿರುವ ಇನ್ನೊಂದು ಬಿಂದು. ಲೂಪ್ ಹೆಚ್ಚುತ್ತದೆ, ಸಿಡಿಲಿನ ಹೊತ್ತಿಗೆ ಅಪಾಯವೂ ಹೆಚ್ಚುತ್ತದೆ. ಮನೆಯ ಎಲ್ಲ ಅರ್ಥಿಂಗ್‌ಗಳೂ ಒಂದಕ್ಕೊಂದು ಕೂಡಿರಲೇಬೇಕು. ಮಾಳಿಗೆಯ ಮೇಲಿನ ಡಿಶ್‌ನ ಕಂಬಕ್ಕೂ ಇದೇ ಮಾತು.

ಮೂರನೇ ಪಿನ್ನಿನ ಮಾತು

ಗುಂಯ್ ನಿಲ್ಲಿಸಲು ಅರ್ಥಿಂಗ್ ಪಿನ್ ಮುರಿದು ಹಾಕುವ, ಇಲ್ಲವೇ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವ ಚಟ ಇದೆ. ಲೂಪ್ ಕಡಿದು ಸಪ್ಪಳ ನಿಲ್ಲುತ್ತದೆ, ನಿಜ. ಆದರೆ ನಮ್ಮ ಪ್ಲಗ್ಗಿನಲ್ಲಿ ಆ ಪಿನ್ನನ್ನು ಉದ್ದವಾಗಿ, ದಪ್ಪವಾಗಿ ಮಾಡಿರುವುದಕ್ಕೆ ಕಾರಣವಿದೆ. ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ಕೂಡಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಒಳಗೆ ಫೇಸ್ ವೈರು ಕಳಚಿ ಲೋಹದ ಮೈಗೆ ತಾಗಿದರೆ ಕರೆಂಟು ಆ ಪಿನ್ನಿನ ಮೂಲಕ ನೆಲಕ್ಕಿಳಿದು ಫ್ಯೂಸ್ ಅಥವಾ ಎಂಸಿಬಿ ಬೀಳುತ್ತದೆ. ಪಿನ್ ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಸಪ್ಪಳಕ್ಕಾಗಿ ಜೀವ ಪಣಕ್ಕಿಡಬಾರದು. ಲೂಪನ್ನು ಧ್ವನಿಯ ಕೇಬಲಿನಲ್ಲಿ, ಟಿವಿ ವೈರಿನಲ್ಲಿ ಕಡಿಯಿರಿ. ಅರ್ಥಿಂಗ್‌ನಲ್ಲಿ ಎಂದೂ ಕಡಿಯಬೇಡಿ.

ಕಾರ್ಖಾನೆಯಿಂದಲೇ ಎರಡು ಪಿನ್ನಿನೊಂದಿಗೆ ಬರುವ ರಿಸೀವರ್, ಟಿವಿಗಳ ವಿಷಯ ಬೇರೆ. ಅವುಗಳ ಹಿಂದೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರುತ್ತದೆ, ಅಂದರೆ ಎರಡು ಪದರ ರಕ್ಷಣೆ ಇದೆ. ಇಂಥವುಗಳ ಲೋಹದ ಮೈ ಮುಟ್ಟಿದಾಗ ಜುಮ್ ಎನ್ನಬಹುದು. ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ ಸೋರುವ ಅತಿ ಸಣ್ಣ ಕರೆಂಟು ಅದು. ಅದೇ ಕರೆಂಟು ಧ್ವನಿ ಕೇಬಲಿನ ಜಾಳಿಗೆಯಲ್ಲಿ ಹರಿದು ಗುಂಯ್ ತರಬಹುದು. ಇಲ್ಲಿ ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿ ನೋಡಬಹುದು, ಕೆಲವು ಸಲ ಸಪ್ಪಳ ಇಳಿಯುತ್ತದೆ. ಜುಮ್ ಎನ್ನುವುದು ಜೋರಾಗಿದ್ದರೆ ಮಾತ್ರ ಎಲೆಕ್ಟ್ರಿಷಿಯನ್‌ಗೆ ತೋರಿಸಲೇಬೇಕು.

ಕರಕರ, ಝರ್ರ್, ಟಿಕ್‌ಟಿಕ್

ಹಲವು ರೆಗ್ಯುಲೇಟರುಗಳು ಕರೆಂಟಿನ ಅಲೆಯನ್ನು ಅರ್ಧದಲ್ಲಿ ಕತ್ತರಿಸಿ ಫ್ಯಾನಿನ ವೇಗ ಇಳಿಸುತ್ತವೆ. ಸೆಕೆಂಡಿಗೆ 100 ಸಲ ನಡೆಯುವ ಈ ಕತ್ತರಿಕೆಯಿಂದ ಚೂಪಾದ ಸಪ್ಪಳ ವೈರಿನುದ್ದಕ್ಕೂ ಹರಡುತ್ತದೆ. ಬಲ್ಬಿನ ಡಿಮ್ಮರ್ ಮಾಡುವುದೂ ಇದನ್ನೇ. ಹಂತ ಹಂತವಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಅಲೆಯನ್ನು ಕತ್ತರಿಸುವುದಿಲ್ಲ. ಹೋಮ್ ಥಿಯೇಟರ್ ಇರುವ ಕೋಣೆಗೆ ಅದನ್ನೇ ಹಾಕಿಸಿ.

ಯಾವ ಬಲ್ಬು, ಯಾವ ಚಾರ್ಜರ್ ಸಪ್ಪಳ ಕಾರುತ್ತಿದೆ ಎಂದು ಹುಡುಕಲು ಮನೆಯಲ್ಲಿರುವ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಅತ್ಯುತ್ತಮ ಸಾಧನ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್‌ಗೆ ಸಿಗುತ್ತದೆ. ಮುಳ್ಳನ್ನು ಅದರಿಂದ ಸ್ವಲ್ಪ ಆಚೆ ಸರಿಸಿ, ಯಾವ ಕೇಂದ್ರವೂ ಕೇಳಿಸದ ಜಾಗದಲ್ಲಿ ನಿಲ್ಲಿಸಿ. ರೇಡಿಯೋ ಹಿಡಿದು ಕೋಣೆಯಲ್ಲೆಲ್ಲ ತಿರುಗಿ. ಕೆಟ್ಟ ಎಲ್‌ಇಡಿ ಬಲ್ಬು, ಅಗ್ಗದ ಚಾರ್ಜರ್, ರೆಗ್ಯುಲೇಟರಿನ ಹತ್ತಿರ ಬಂದಾಗ ಅದು ಝರ್ರ್ ಎಂದು ಕೂಗುತ್ತದೆ.

ಬಿಟ್ಟು ಬಿಟ್ಟು ಬರುವ ಸಪ್ಪಳಕ್ಕೂ ಒಂದೊಂದು ಗುರುತು ಇದೆ. ಫ್ರಿಜ್ ಚಾಲೂ ಆದಾಗ ಟಪ್ ಎನ್ನುತ್ತದೆ. ಮಿಕ್ಸರ್ ತಿರುಗುವಷ್ಟು ಹೊತ್ತು ಕರಕರ ಬರುತ್ತದೆ, ಅದರ ಬ್ರಷ್‌ಗಳ ಕಿಡಿ ಕಾರಣ. ಸುಮಾರು ಸೆಕೆಂಡಿಗೊಮ್ಮೆ ಗಡಿಯಾರದಂತೆ ಟಿಕ್ ಬರುತ್ತಿದ್ದರೆ ಹತ್ತಿರದ ಹೊಲದ ಸೋಲಾರ್ ಬೇಲಿಯನ್ನು ನೋಡಿ. ಹಂದಿಗಳಿಂದ ಬೆಳೆ ಕಾಯಲು ಹಾಕುವ ಬೇಲಿಯ ಯಂತ್ರ ಅಷ್ಟಷ್ಟು ಹೊತ್ತಿಗೆ ಜೋರು ಹೊಡೆತ ಕೊಡುತ್ತದೆ. ತಂತಿಗೆ ಹುಲ್ಲು, ಕಬ್ಬಿನ ಗರಿ ತಾಗಿದ್ದರೆ ಕಿಡಿ ಹಾರಿ ಸಪ್ಪಳ ಇನ್ನೂ ಹೆಚ್ಚುತ್ತದೆ. ಬೇಲಿ ಸ್ವಚ್ಛ ಮಾಡಿದರೆ ಬೇಲಿಗೂ ಒಳ್ಳೆಯದು, ಸ್ಪೀಕರಿಗೂ ಒಳ್ಳೆಯದು. ರಿಸೀವರ್ ಮೇಲೆ ಮೊಬೈಲ್ ಇಟ್ಟಾಗ ಬರುವ ಟರ್‌ರ್ ಟರ್‌ರ್ ಹಳೆಯ 2ಜಿ ಸಂಕೇತದ್ದು. ಅದು ಸೆಕೆಂಡಿಗೆ ಸುಮಾರು 217 ಸಲ ಹೊತ್ತಿ ಆರುತ್ತದೆ. ಫೋನನ್ನು ನಾಲ್ಕು ಅಡಿ ದೂರ ಇಟ್ಟರೆ ಸಾಮಾನ್ಯವಾಗಿ ಮುಗಿಯಿತು.

ಕರೆಂಟು ಹೋದಾಗ ಮಾತ್ರ ಗುಂಯ್ ಬಂದರೆ ಇನ್ವರ್ಟರ್ ಕಾರಣ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಕೊಡುವ ಅಲೆ ದುಂಡಗಿರದೆ ಮೂಲೆ ಮೂಲೆಯಾಗಿರುತ್ತದೆ. ಅದರಲ್ಲಿ 150, 250, 350 ಹರ್ಟ್ಸ್‌ಗಳು ತುಂಬಿರುತ್ತವೆ. ರಿಸೀವರಿನ ಟ್ರಾನ್ಸ್‌ಫಾರ್ಮರ್ ಕೂಡ ಪೆಟ್ಟಿಗೆಯೊಳಗೇ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಹೋಮ್ ಥಿಯೇಟರ್ ಇದ್ದ ಮನೆಗೆ ಸೈನ್ ವೇವ್ ಇನ್ವರ್ಟರ್ ಬೇಕು. ಹಾಗಿಲ್ಲದಿದ್ದರೆ ಕರೆಂಟು ಬರುವವರೆಗೆ ರಿಸೀವರ್ ಬಂದ್ ಇಡುವುದು ಲೇಸು.

ಸುಸ್ ಎನ್ನುವುದು ಪೂರ್ತಿ ನಿಲ್ಲದು

ಸುಸ್ ಸಪ್ಪಳದ ಮೂಲ ಶಾಖ. ಯಾವುದೇ ರೆಸಿಸ್ಟರಿನೊಳಗೆ ಎಲೆಕ್ಟ್ರಾನುಗಳು ಶಾಖದಿಂದ ಅಡ್ಡಾದಿಡ್ಡಿ ಓಡಾಡುತ್ತವೆ. ಆ ಓಡಾಟವೇ ಸಣ್ಣ ವೋಲ್ಟೇಜಾಗಿ ಕಾಣಿಸುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ಜಾನ್ ಜಾನ್ಸನ್ ಅಳೆದರು, ಹ್ಯಾರಿ ನೈಕ್ವಿಸ್ಟ್ ಸೂತ್ರ ಕೊಟ್ಟರು. ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. 10 ಸಾವಿರ ಓಮ್‌ನ ಒಂದು ರೆಸಿಸ್ಟರ್ ಕೋಣೆಯ ಶಾಖದಲ್ಲಿ, ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ, ಸುಮಾರು 1.8 ಮೈಕ್ರೋವೋಲ್ಟ್ ಸಪ್ಪಳ ಹುಟ್ಟಿಸುತ್ತದೆ. ಇದನ್ನು ಸೊನ್ನೆ ಮಾಡಲು ಯಾರಿಂದಲೂ ಆಗದು.

ಆದ್ದರಿಂದ ಸ್ಪೀಕರಿಗೆ ಕಿವಿ ಹಚ್ಚಿದಾಗ ಸಣ್ಣ ಸುಸ್ ಕೇಳಿದರೆ ಚಿಂತೆ ಬೇಡ. ಕೂತ ಜಾಗದಿಂದ ಕೇಳಿದರೆ ಮಾತ್ರ ನೋಡಬೇಕು. ಸಾಮಾನ್ಯ ತಪ್ಪು ಇದು: ಸೆಟ್ ಟಾಪ್ ಬಾಕ್ಸಿನ ವಾಲ್ಯೂಮ್ ಅರ್ಧಕ್ಕೆ ಇಟ್ಟು, ರಿಸೀವರಿನದನ್ನು ತುಂಬ ಏರಿಸುವುದು. ಆಗ ಧ್ವನಿಯ ಜೊತೆ ಸುಸ್ ಕೂಡ ಏರುತ್ತದೆ. ಮೂಲದಲ್ಲಿ ಪೂರ್ಣ ಇಟ್ಟು ರಿಸೀವರಿನಲ್ಲಿ ಇಳಿಸಬೇಕು. ಸ್ಪೀಕರಿನ ಸೂಕ್ಷ್ಮತೆಯೂ ಲೆಕ್ಕಕ್ಕೆ ಬರುತ್ತದೆ. 88 ಡೆಸಿಬೆಲ್ ಸ್ಪೀಕರಿನಲ್ಲಿ ಕೇಳಿಸದ ಸುಸ್ 98 ಡೆಸಿಬೆಲ್‌ನ ಹಾರ್ನ್ ಸ್ಪೀಕರಿನಲ್ಲಿ 10 ಡೆಸಿಬೆಲ್ ಜೋರಾಗಿ ಕೇಳಿಸುತ್ತದೆ.

ನಿಮ್ಮ ರಿಸೀವರಿನ ಮುಖದ ಮೇಲಿರುವ ಡಾಲ್ಬಿ ಎಂಬ ಹೆಸರು ಬಂದದ್ದೇ ಈ ಸುಸ್ ವಿರುದ್ಧದ ಹೋರಾಟದಿಂದ. ರೇ ಡಾಲ್ಬಿ 1963ರಿಂದ 1965ರವರೆಗೆ ಯುನೆಸ್ಕೊ ಸಲಹೆಗಾರರಾಗಿ ಭಾರತದಲ್ಲಿದ್ದರು. ಇಲ್ಲಿಂದ ಹೋಗಿ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ಕಟ್ಟಿ, ಟೇಪಿನ ಸುಸ್ ತಗ್ಗಿಸುವ ವಿಧಾನ ತಂದರು. ಅವರ ಉಪಾಯ ಸರಳ: ಮೆತ್ತಗಿನ ಧ್ವನಿಯನ್ನು ಟೇಪಿಗೆ ಹತ್ತಿಸುವಾಗಲೇ ಎತ್ತರಿಸಿ, ಕೇಳಿಸುವಾಗ ಅಷ್ಟೇ ಇಳಿಸುವುದು. ಇಳಿಸುವಾಗ ಟೇಪಿನ ಸುಸ್ ಕೂಡ ಇಳಿಯುತ್ತದೆ. ನಮ್ಮ ಪಡಸಾಲೆಗೂ ಪಾಠ ಅದೇ. ಸಪ್ಪಳ ಸೇರುವ ಮೊದಲೇ ಧ್ವನಿ ಗಟ್ಟಿಯಾಗಿರಬೇಕು.

ರಿಸೀವರಿನದೇ ತಪ್ಪಿದ್ದರೆ

ಎಲ್ಲ ವೈರು ಕಿತ್ತ ಮೇಲೂ, ಬೇರೆ ಮನೆಗೆ ಒಯ್ದು ಹಚ್ಚಿದರೂ ಗುಂಯ್ ನಿಲ್ಲದಿದ್ದರೆ ರಿಸೀವರ್ ಒಳಗೆ ದೋಷವಿದೆ. ಹಳೆಯ ರಿಸೀವರುಗಳಲ್ಲಿ ಹೆಚ್ಚಾಗಿ ಫಿಲ್ಟರ್ ಕೆಪಾಸಿಟರ್ ಒಣಗಿರುತ್ತದೆ. ಶಾಖ 10 ಡಿಗ್ರಿ ಹೆಚ್ಚಿದಂತೆ ಅದರ ಆಯಸ್ಸು ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. ಶೋಕೇಸಿನ ಗಾಜಿನೊಳಗೆ ರಿಸೀವರ್ ಮುಚ್ಚಿಟ್ಟು, ಮೇಲೆ ಸೆಟ್ ಟಾಪ್ ಬಾಕ್ಸ್ ಹೇರಿದರೆ ಅದರ ಆಯಸ್ಸನ್ನು ನಾವೇ ಕಡಿಮೆ ಮಾಡಿದಂತೆ. ಮೇಲ್ಗಡೆ ಒಂದು ಗೇಣು ಜಾಗ ಬಿಡಿ, ಧೂಳು ಒರೆಸಿ. ಕೆಟ್ಟ ಕೆಪಾಸಿಟರ್ ಬದಲಿಸುವುದು ಅನುಭವಿ ರಿಪೇರಿಯವರಿಗೆ ದೊಡ್ಡ ಕೆಲಸವಲ್ಲ. ಮುಚ್ಚಳವನ್ನು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ನಮ್ಮ ಕಡೆ ಜೋರು. ಮೋಡ ಕಟ್ಟಿದಾಗ ಪ್ಲಗ್ ಕೀಳುವ ಅಭ್ಯಾಸ ಅನೇಕರಿಗಿದೆ. ಕೇಬಲ್, ಡಿಶ್ ವೈರನ್ನೂ ಆಗಲೇ ಬಿಚ್ಚಿಡಬೇಕು. ಗುಂಯ್ ತರುವ ದಾರಿಯಲ್ಲೇ ಸಿಡಿಲಿನ ಹೊಡೆತವೂ ಒಳಗೆ ಬರುತ್ತದೆ.

ಹೊಸ ರಿಸೀವರಿಗೆ ಹಣ ಕಟ್ಟುವ ಮೊದಲು ಮೂರು ಕೆಲಸ ಮಾಡಿ. ಟಿವಿ ವೈರು ಬಿಚ್ಚಿ ಕೇಳಿ. ಎಲ್ಲ ಸಲಕರಣೆಯನ್ನೂ ಒಂದೇ ಬೋರ್ಡಿಗೆ ತನ್ನಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಿ. ಅರ್ಥಿಂಗ್ ಸರಿ ಮಾಡಿಸಿದ ಹಣ ಎಂದೂ ವ್ಯರ್ಥವಾಗದು. ಅದು ಸ್ಪೀಕರಿನ ಸಪ್ಪಳವನ್ನು ತಗ್ಗಿಸುತ್ತದೆ, ಜೊತೆಗೆ ನೀರಿನ ಮೋಟರು, ಗೀಸರ್, ವಾಷಿಂಗ್ ಮಷಿನ್ ಮುಟ್ಟುವ ಮನೆಮಂದಿಯ ಜೀವವನ್ನೂ ಕಾಯುತ್ತದೆ.